ತದಾಲಳ ಕೊನೆಯ ಮಾತು

"ಕಣ್ಣು ಮುಚ್ಚೋ ಮುಂಚೆ ನನ್ನ ಮಗಳು ತದಾಲ ಏನಂದ್ಲು ಗೊತ್ತಾ?" ಮಿಷನರಿ ಕಲಿಂಡೆ ದನಿ ನಡುಗಿಸಿ ಕೇಳಿದಾಗ, ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಎಸ್ನಾತ್ ಮುಖ ತಿರುಗಿಸಿದಳು. ಮಲಾವಿ ಸರೋವರದ ದಂಡೆಯ ಚರ್ಚುಗಳನ್ನು ಇಬ್ಬರೂ ಸುತ್ತುತ್ತ ಬಂದ ಹಾಗೆಲ್ಲ, ಸತ್ತ ಮಗಳ ಬಾಯಿಗೆ ಅವನು ತುರುಕುವ ಮಾತು ಬೆಳೆಯುತ್ತಲೇ ಇತ್ತು. ಮೊದಲ ಊರಿನಲ್ಲಿ ತದಾಲ ಬರೀ 'ಯೇಸಪ್ಪಾ' ಎಂದಿದ್ದಳು. ನಿನ್ನೆಯ ಊರಿನಲ್ಲಿ ಹಾಡನ್ನೇ ಹಾಡಿದ್ದಳು.

"'ಅಪ್ಪಾ, ನನಗೋಸ್ಕರ ಅಳಬೇಡ, ಊರೂರಿಗೆ ಹೋಗಿ ಸುವಾರ್ತೆ ಸಾರು' ಅಂದ್ಲು," ಎಂದ ಕಲಿಂಡೆ, ಹೆಂಡತಿಯ ಮೊಣಕೈಯನ್ನು ಯಾರಿಗೂ ಕಾಣದಂತೆ ಚಿವುಟಿದ. ಅವಳು ಅಳಬೇಕಾದ ಜಾಗ ಅದು. ಚಾಪೆಯ ಮೇಲೆ ಕೂತಿದ್ದ ಹೆಂಗಸರು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನ ಬೆವರಿದ ಬೆರಳು ತಾಕಿದ್ದೇ ಎಸ್ನಾತ್ ಹೇಸಿಗೆಯಿಂದ ಕೈ ಕೊಸರಿಕೊಂಡಳು.

"ಅವಳು ಹಾಗನ್ನಲಿಲ್ಲ," ಎಂದಳು. "ಜ್ವರದಲ್ಲಿ ನೀರು ಕೇಳಿದ್ಲು. ಆಮೇಲೆ ಅಪ್ಪ ಎಲ್ಲಿ ಅಂದ್ಲು. ಇವರು ಇರಲಿಲ್ಲ, ಬೇರೆ ಊರಲ್ಲಿ ಪ್ರಸಂಗ ಮಾಡ್ತಿದ್ರು."

"ದುಃಖಕ್ಕೆ ಇವಳ ತಲೆ ಕೆಟ್ಟಿದೆ. ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡೋಣ," ಎಂದು ಕಲಿಂಡೆ ಅವಸರಪಟ್ಟ. ಯಾರೂ ಕಣ್ಣು ಮುಚ್ಚಲಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಚಾಪೆಯಲ್ಲಿ ಸರಿದು ಜಾಗ ಮಾಡಿದಳು. "ಬಾಮ್ಮ, ಇಲ್ಲಿ ಕೂತ್ಕೋ. ನಿನ್ನ ಮಗಳು ಹೇಗಿದ್ಲು, ನೀನು ಹೇಳು."