ಅಕ್ಕನ ಗದ್ದ

ಸಂತೆಯಲ್ಲಿ ಅಕ್ಕನ ಪಕ್ಕ ಅಣಬೆ ಮಾರಲು ಕೂತ ತಮ್ಮನಿಗೆ ಗಿರಾಕಿಗಳಿರಲಿಲ್ಲ. ಅಕ್ಕ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಬೆಳೆಸಿದ ಆ ಅಣಬೆಗೆ ಕೊಡೆಯಿಲ್ಲ, ಕಾಂಡವಿಲ್ಲ. ಉಂಡೆಯ ತುಂಬ ಬಿಳಿ ಕೂದಲು ಜೋತುಬಿದ್ದ ಹಾಗಿತ್ತು. ಸಂತೆಗೆ ಬಂದವರು ನೋಡಿ ಮುಂದೆ ಹೋಗುತ್ತಿದ್ದರು. ಅದಕ್ಕೇ ಅವನು ಮೃಗಾಲಯದ ಕ್ಯಾಲೆಂಡರಿನಿಂದ ಸಿಂಗಳೀಕದ ಚಿತ್ರ ಕತ್ತರಿಸಿ ತಂದು ಹಿಂದಿನ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಒಂದು ಅಣಬೆ ಹಿಡಿದು ಕೂಗಿದ.

“ನೋಡಿ ಸ್ವಾಮಿ, ಎರಡಕ್ಕೂ ಅದೇ ಗಡ್ಡ. ಇದು ಮರ ಹತ್ತಲ್ಲ, ಅದು ಬಾಣಲೆಗೆ ಬೀಳಲ್ಲ, ಅಷ್ಟೇ ವ್ಯತ್ಯಾಸ.” ಜನ ನಿಂತರು. “ಹಾಗಾದ್ರೆ ಇದನ್ನ ಹೆತ್ತೋರು ಯಾರಪ್ಪ?” ಎಂದ ಒಬ್ಬ. ತಮ್ಮ ಹಿಂದುಮುಂದು ನೋಡದೆ ಅಣಬೆಯನ್ನು ಅಕ್ಕನ ಗದ್ದದ ಕೆಳಗೆ ಹಿಡಿದ. “ನಮ್ಮಕ್ಕನೇ. ಹೋಲಿಕೆ ಕಾಣ್ಸಲ್ವಾ?”

ಗುಂಪು ಗೊಳ್ಳೆಂದಿತು. ಅಕ್ಕನೂ ನಕ್ಕಳು. ನಗುತ್ತಲೇ ಒಂದು ಕೈಯಿಂದ ಗದ್ದ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಎಲ್ಲರಿಗೂ ತೂಗಿ ಕೊಟ್ಟಳು. ಜನ ಚದುರಿದ ಮೇಲೆ ಅವನ ಕಡೆ ಬಾಗಿ ಪಿಸುಗುಟ್ಟಿದಳು: “ಬೆಳಗ್ಗೆ ತಾನೇ ಬೋಳಿಸ್ಕೊಂಡು ಬಂದಿದ್ದೆ ಕಣೋ. ಅಷ್ಟು ಕಾಣ್ಸುತ್ತಾ?”

ಬಚ್ಚಲಲ್ಲಿ ಅವಳು ಮುಚ್ಚಿಟ್ಟಿದ್ದ ಬ್ಲೇಡನ್ನು ಅವನು ಎಂದೋ ನೋಡಿದ್ದ. ನೋಡಿದ್ದರಿಂದಲೇ ಆ ಮಾತು ಬಾಯಿಗೆ ಬಂದಿತ್ತು. “ಇಲ್ಲಕ್ಕ” ಎಂದ. ಕಣ್ಣು ಮಾತ್ರ ಅವಳ ಗದ್ದಕ್ಕೇ ಹೋಯಿತು. ಅದನ್ನು ಕಂಡು ಅವಳು ಮುಖ ತಿರುಗಿಸಿದಳು. ಬುಟ್ಟಿ ಖಾಲಿಯಾಗಿತ್ತು. ಅವನ ಹುಡುಗಾಟಕ್ಕೆ ನಗುವವಳು ಮನೆಯಲ್ಲಿ ಇದ್ದದ್ದೇ ಒಬ್ಬಳು, ಅಕ್ಕ. ಆ ಒಂದು ನಗೆಮಾತಿಗೆ ಕಳೆದುಕೊಂಡದ್ದು ಅವಳೊಬ್ಬಳನ್ನೇ.