ಮುನಿಸಿಗೊಂದು ಜಾಗ

"ಇದನ್ನ ಎಳೀರಿ," ಎಂದ ವೆಲ್ಡರ್ ಅಜ್ಜ. ಸರ್ವೇಯರ್ ಎಳೆದ. ಗಾಡಿಯ ಗೋಡೆಯೊಳಗಿಂದ ಊಟದ ಮೇಜೊಂದು ಸದ್ದಿಲ್ಲದೆ ಜಾರಿ ಬಂದು ತಾನೇ ಕಾಲೂರಿ ನಿಂತಿತು. ಸರ್ವೇಯರ್ ಬಾಯಿ ತೆರೆದ. ಗಾಡಿ ನೋಡಲು ಬಂದಾಗಿನಿಂದ ಅವನ ಬಾಯಿ ಮುಚ್ಚಿದ್ದೇ ಕಡಿಮೆ.

ಬಾಯಿ ಬಿಟ್ಟು ನೋಡುವಂಥ ಗಾಡಿಯೇ ಅದು. ವೆಲ್ಡಿಂಗ್ ಶಾಪಿನ ಅಂಗಳದಲ್ಲಿ ಸೊಂಟದೆತ್ತರದ ಚಕ್ರಗಳ ಮೇಲೆ ನಿಂತಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಕಲ್ಲು, ಕೆಸರು, ಹೊಳೆಯ ಮರಳು ಯಾವುದಕ್ಕೂ ಜಗ್ಗುವುದಿಲ್ಲ. ಒಳಗೆ ಹಾಸಿಗೆ, ಒಲೆ, ಪುಟ್ಟ ಬಚ್ಚಲು, ನೀರಿನ ಟ್ಯಾಂಕು, ಒಂದು ಸಂಸಾರಕ್ಕೆ ಬೇಕಾದದ್ದೆಲ್ಲ ಇತ್ತು. ಹಳೆಯ ಲಾರಿಯ ಚಾಸಿಯ ಮೇಲೆ ಅಜ್ಜ ತಾನೇ ಅದನ್ನು ಕಟ್ಟಿ, ಅಜ್ಜಿಯನ್ನು ಕೂರಿಸಿಕೊಂಡು ವರ್ಷಗಟ್ಟಲೆ ಅದರಲ್ಲೇ ಬದುಕಿದ್ದ. ಈಗ ಕ್ಲಚ್ ತುಳಿಯಲು ಮೊಣಕಾಲು ಒಪ್ಪುತ್ತಿಲ್ಲ. ಅದಕ್ಕೇ ಮಾರಾಟ.

ಸರ್ವೇಯರನ ಹೆಂಡತಿ ಬಟ್ಟೆ ಹೊಲಿಯುವವಳು. ಎಲ್ಲಿ ಸೊಟ್ಟಗಿದೆ ಎಂದು ಹುಡುಕುವುದೇ ಅವಳ ಕಣ್ಣಿನ ಚಾಳಿ. ಮೂಲೆಮೂಲೆ ಸವರಿ ನೋಡಿದಳು. ಒಂದು ಮೊಳೆಯ ತಲೆಯೂ ಬೆರಳಿಗೆ ತಾಗಲಿಲ್ಲ. ಹಳ್ಳದಿಣ್ಣೆಯಲ್ಲಿ ಪಾತ್ರೆಗಳು ಲಟಪಟ ಎನ್ನಬಾರದೆಂದು ಅಜ್ಜ ಕಪಾಟಿನೊಳಗೆಲ್ಲ ರಬ್ಬರ್ ಹಾಸಿದ್ದ. ಕೆಲಸ ಎಂದರೆ ಹೀಗಿರಬೇಕು ಎಂದುಕೊಂಡಳು. ಆದರೂ ಒಂದು ಅಳುಕಿತ್ತು. ಗಂಡ ಕಾಡುಮೇಡು ಅಳೆಯಲು ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಮನೆಯನ್ನೇ ಜೊತೆಗೆ ಒಯ್ಯೋಣ, ಇನ್ನು ಒಟ್ಟಿಗಿರೋಣ ಎನ್ನುವುದು ಅವನ ಆಸೆ. ಅವಳಿಗೂ ಆಸೆಯಿಲ್ಲದಿಲ್ಲ. ಆದರೆ ಇರುವ ಬಾಡಿಗೆ ಮನೆ ಬಿಟ್ಟರೆ, ಗಾಡಿ ಬೇಡವೆನಿಸಿದ ದಿನ ಹಿಂತಿರುಗಲು ಒಂದು ಬಾಗಿಲಿರುವುದಿಲ್ಲ.

"ನಿನ್ನ ಮಿಷನ್ ಇಲ್ಲಿ ಇಡಬಹುದು ನೋಡು," ಎಂದ ಸರ್ವೇಯರ್.

"ಯೋಚನೆ ಮಾಡೋಣ ರೀ. ಅವಸರ ಏನಿದೆ? ಮನೆಯಂತೂ ಇದ್ದೇ ಇದೆಯಲ್ಲ."

ಅವನು ಮೇಜನ್ನು ಒಳಗೆ ತಳ್ಳಿದ, ಮತ್ತೆ ಎಳೆದ. "ಅದು... ಖಾಲಿ ಮಾಡ್ತೀವಿ ಅಂತ ಓನರ್‌ಗೆ ನಿನ್ನೇನೇ ಹೇಳಿಬಿಟ್ಟೆ."

"ಯಾರನ್ನ ಕೇಳಿ?"

"ನೀನು ಹೇಗೂ ಒಪ್ತೀಯ ಅಂತ..."

ಅವಳಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಾಗಿದ್ದರೆ ಹೊಲಿಗೆ ಕೋಣೆಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗಿಂದ ಮಿಷನ್ನಿನ ಸದ್ದು ಜೋರಾಗುತ್ತಿದ್ದಂತೆ ಗಂಡ ತೆಪ್ಪಗಾಗುತ್ತಿದ್ದ. ಇಲ್ಲಿ ಗಿರ್ರನೆ ತಿರುಗಿದರೆ ಮುಂದೆ ಒಲೆ, ಹಿಂದೆ ಹಾಸಿಗೆ, ನಡುವೆ ಅದೇ ಗಂಡ. ಎಷ್ಟು ಚೆಂದ ಕಟ್ಟಿದ್ದರೇನು, ಸಿಟ್ಟು ಬಂದವರು ಎದ್ದು ಹೋಗಲು ಒಂದು ಜಾಗವಿಲ್ಲ. ಅವಳಿಗೆ ಅಳುವೇ ಬಂತು.

ಬಾಗಿಲ ಬಳಿ ನಿಂತಿದ್ದ ಅಜ್ಜಿ ಅವಳ ಮೊಣಕೈ ಹಿಡಿದಳು. "ಬಾಮ್ಮಾ, ನಿನಗೊಂದು ತೋರಿಸ್ತೀನಿ."

ಹಿಂಬಾಗಿಲಿನಿಂದ ಇಳಿಸಿಕೊಂಡು ಹೋಗಿ, ಗಾಡಿಯ ಬೆನ್ನಿಗೆ ಮಡಚಿಟ್ಟಿದ್ದ ಹಲಗೆಯೊಂದನ್ನು ಬಿಚ್ಚಿದಳು. ಮೆತ್ತೆ ಹಾಕಿದ ಆಸನ. ಕಾಲಿಡಲು ಕಂಬಿ, ತಲೆಯ ಮೇಲೆ ಮಳೆ ತಡೆಯುವ ತಗಡು, ಲೋಟ ಇಡಲು ಕಬ್ಬಿಣದ ಬಳೆ. ಪಕ್ಕದಲ್ಲೇ ಇದ್ದ ಹಿಂಬಾಗಿಲಿಗೆ ಹೊರಗಿನಿಂದ ಚಿಲಕ.

"ಇಲ್ಲಿ ಕೂತ್ರೆ ಒಳಗಿರೋರ ಮುಖ ಕಾಣಲ್ಲ," ಎಂದಳು ಅಜ್ಜಿ. "ಚಿಲಕ ಹಾಕಿದ್ರೆ ಅವರು ಹಿಂದೇನೇ ಬಂದು ತಲೆ ತಿನ್ನೋಕೂ ಆಗಲ್ಲ."

ಸರ್ವೇಯರನ ಹೆಂಡತಿ ಚಿಲಕ ಹಾಕಿಯೇ ಕೂತಳು. ಎದುರಿಗೆ ಅಂಗಳದ ಗೋಡೆ, ಅದರಾಚೆ ಒಂದಿಷ್ಟು ಆಕಾಶ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. "ಇದು ಯಾರಿಗೆ ಹೊಳೀತು ಅಜ್ಜಿ?"

"ಒಂದ್ಸಲ ಗುಡ್ಡದ ಮೇಲೆ ಜಗಳ ಆಡಿ, ಮಳೇಲಿ ಹೋಗಿ ಬಂಡೆ ಮೇಲೆ ಕೂತಿದ್ದೆ. ಜ್ವರ ಬಂತು. ತಪ್ಪಾಯ್ತು ಅನ್ನೋ ಮಾತು ಈ ಮನುಷ್ಯನ ಬಾಯಿಂದ ಬೀಳಲಿಲ್ಲ. ಗುಡ್ಡ ಇಳಿದದ್ದೇ ತಡ, ಕಬ್ಬಿಣ ತಂದು ಇದನ್ನ ಮಾಡಿದ್ರು."

ಅವಳು ಮೆತ್ತೆಯ ಅಡಿಗೆ ಕೈ ಹಾಕಿ ಸವರಿದಳು. ನಡುವಿನಲ್ಲಿ ಎರಡು ತುಂಡು ಬೆಸೆದ ಗೆರೆ ಸಿಕ್ಕಿತು. ಬಟ್ಟೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಅಗಲ ಮಾಡುವವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? "ಇದನ್ನ ಆಮೇಲೆ ಸೇರಿಸಿದ್ದಾರೆ, ಅಲ್ವಾ?"

ಅಜ್ಜಿ ನಕ್ಕಳು. "ಮೊದಲು ಒಬ್ಬರಿಗೇ ಮಾಡಿದ್ದು. ನಾನು ಬಂದು ಇಲ್ಲಿ ಕೂರೋದು, ಇವರು ಒಳಗಿರಲಾರದೆ ಮುಂದಿನ ಬಾಗಿಲಿಂದ ಇಳಿದು ಸುತ್ತಿ ಬಂದು ಪಕ್ಕದಲ್ಲಿ ನಿಲ್ಲೋದು. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ನಿಲ್ಲೋದು. ಪಾಪ, ಆ ಮೊಣಕಾಲಿಟ್ಕೊಂಡು ಎಷ್ಟೂಂತ ನಿಲ್ತಾರೆ? ಒಂದಿನ ಅಗಲ ಮಾಡಿಕೊಂಡ್ರು."

ಅವಳಿಗೆ ಆ ಮುದುಕನ ಮೇಲೆ ಅಭಿಮಾನ ಉಕ್ಕಿ ಬಂತು. ಮಳೆ, ಕೆಸರು, ಕಲ್ಲುಗಳ ಜೊತೆಗೆ ಹೆಂಡತಿಯ ಸಿಟ್ಟನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಿದ್ದಾನೆ. ಇಂಥ ಮನೆಯನ್ನು ನಂಬಬಹುದು ಎನಿಸಿತು. ಅಜ್ಜಿ ಮೆಲ್ಲನೆ ಅಲ್ಲಿಂದ ಸರಿದಳು.

ಹೆಜ್ಜೆ ಸದ್ದಾಯಿತು. ಸರ್ವೇಯರ್ ಗಾಡಿಯನ್ನು ಸುತ್ತಿಕೊಂಡು ಬಂದು, ಮೋರೆ ಸಪ್ಪೆ ಮಾಡಿಕೊಂಡು ನಿಂತ.

"ನೀನು ಬೇಡ ಅಂದ್ರೆ ಬೇಡ. ಓನರ್ ಹತ್ರ ಈಗ್ಲೇ ಹೋಗಿ, ನಾನು ಹೇಳಿದ್ದು ತಪ್ಪಾಯ್ತು ಅಂತೀನಿ."

"ಏನೂ ಹೇಳಬೇಡಿ. ಗಾಡಿ ತಗೊಳ್ಳೋಣ."

ಅವನ ಮುಖ ಅರಳಿತು. ಪಕ್ಕದ ಖಾಲಿ ಜಾಗ ನೋಡಿ ಕೂರಲು ಬಂದ. ಅವಳು ಹೆಗಲಿನಿಂದ ಕೈಚೀಲ ತೆಗೆದು ಅಲ್ಲಿಟ್ಟಳು.

"ಇವತ್ತು ನಿಂತೇ ಇರಿ."