ಉಳಿದಿದ್ದ ನೀಲಿ ಚೂರು

ಹಿತ್ತಾಳೆ ದೀಪ ಉಜ್ಜಲು ಹುಣಸೆಹಣ್ಣು ಕಿವುಚಿದರೆ ಸಾಕು, ಆ ಹುಳಿ ವಾಸನೆಗೆ ಈಗಲೂ ನನಗೆ ಅಪ್ಪನ ಅಂಗಿ ನೆನಪಾಗುತ್ತದೆ.

ಆಗಿನ್ನೂ ಪೀಣ್ಯದಲ್ಲಿ ಕಾರ್ಖಾನೆ ಶೆಡ್ಡುಗಳ ನಡುವೆ ರಾಗಿ ಹೊಲಗಳಿದ್ದವು. ಶನಿವಾರ ಶಾಲೆ ಬಿಟ್ಟ ಮೇಲೆ ವಿಶ್ವವಿದ್ಯಾಲಯದಿಂದ ಒಬ್ಬ ಅಕ್ಕ ಬಂದು ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಒಂದು ಸಲ ನೀಲಿ ಲಿಟ್ಮಸ್ ಕಾಗದದ ಚೂರುಗಳನ್ನು ಹಂಚಿ, "ಮನೇಲಿ ಏನೇನು ಹುಳಿ ಇದೆ, ಅದ್ದಿ ನೋಡಿ ಬರ್ಕೊಂಡ್ಬನ್ನಿ. ಹುಳಿ ಇದ್ರೆ ಕೆಂಪಾಗುತ್ತೆ" ಅಂದರು.

ನಿಂಬೆ, ಮಜ್ಜಿಗೆ, ಹುಣಸೆ ನೀರು ಎಲ್ಲಕ್ಕೂ ಕೆಂಪಾಯಿತು. ಒಂದು ಚೂರು ಉಳಿದಿತ್ತು. ಅಪ್ಪ ಆಗಷ್ಟೇ ಬಿಚ್ಚಿಟ್ಟಿದ್ದ ಒದ್ದೆ ಅಂಗಿಯ ತೋಳಿಗೆ ಒತ್ತಿದೆ. ಅದೂ ಕೆಂಪಾಯಿತು.

"ಬೆವ್ರು ಕಣವ್ವ, ಇನ್ನೇನು" ಅಂದ ಅಪ್ಪ. ಆ ಅಂಗಿಯ ತುಂಬ ಇದ್ದ ಸಣ್ಣ ಸಣ್ಣ ತೂತುಗಳನ್ನು ಅಮ್ಮ ಜಿರಳೆ ತಿಂದದ್ದು ಎನ್ನುತ್ತಿದ್ದಳು. ನಾನು "ಅಪ್ಪನ ಬೆವರು: ಹುಳಿ" ಎಂದು ಬರೆದುಕೊಂಡೆ.

ಮುಂದಿನ ಶನಿವಾರ ಅಕ್ಕ ನನ್ನ ಪುಸ್ತಕದ ಸಾಲು ಸಾಲಿಗೂ ರೈಟ್ ಹಾಕುತ್ತ ಬಂದವರು ಅಪ್ಪನ ಸಾಲಿಗೆ ನಿಂತರು.

"ನಿಮ್ಮಪ್ಪ ಎಲ್ಲಿಗೆ ಕೆಲ್ಸಕ್ಕೆ ಹೋಗ್ತಾರೆ?"

"ಸೈಕಲ್ ಹ್ಯಾಂಡಲ್‌ಗೆ ಹೊಳಪು ಕೊಡೋ ಕಂಪ್ನಿಗೆ ಅಕ್ಕ. ಅಲ್ಲಿ ಏನೋ ಘಾಟು ನೀರಿನ ತೊಟ್ಟೀಲಿ ಅದ್ದಿ ಅದ್ದಿ ತೆಗೀತಾರಂತೆ."

ಬಿಸಿಲಲ್ಲಿ ನಡೆದು ಬಂದಿದ್ದ ಅವರ ಕುತ್ತಿಗೆ ಬೆವೆತಿತ್ತು. ಹೊಸ ಚೂರೊಂದನ್ನು ಅಲ್ಲಿಗೆ ಒತ್ತಿಕೊಂಡು ನೋಡಿದರು. ಅದು ನೀಲಿಯಾಗಿಯೇ ಇತ್ತು.

"ನಾನು ತಪ್ಪು ಬರ್ದಿದೀನಾ ಅಕ್ಕ?"

"ಇಲ್ಲ ಪುಟ್ಟಿ."

ಆದರೂ ರೈಟ್ ಹಾಕಲಿಲ್ಲ. ನನಗೆ ಅಳು ಬಂತು. ರಬ್ಬರು ತೆಗೆದುಕೊಂಡು ಅಪ್ಪನನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ "ಉಪ್ಪಿನಕಾಯಿ" ಎಂದು ಬರೆದು ಪುಸ್ತಕ ಚಾಚಿದೆ.

ಅದಕ್ಕೂ ಅವರು ರೈಟ್ ಹಾಕಲಿಲ್ಲ.